ಜಾರಲು ಹೊರಟಿರಾ ಔಲಿಗೆ?

ಶಿಮ್ಲಾ, ಮನಾಲಿ ಎಂದು ಉತ್ತರಕ್ಕೆ ಹೋದ ನಮ್ಮ ಸಂಸಾರಗಳು ಹಿಮ ನೋಡುವ ರೀತಿ ಹೆಚ್ಚುಕಡಿಮೆ ಒಂದೇ. ಬಾಡಿಗೆಯ ಉದ್ದ ಕೋಟು, ಗಮ್ ಬೂಟು ತೊಟ್ಟು ಒಂದು ಗಂಟೆ ಓಡಾಡುವುದು, ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುವುದು, ಫೋಟೋ ತೆಗೆಸಿಕೊಂಡು ಮೂಗು ಒರೆಸುತ್ತ ಹೋಟೆಲಿಗೆ ಮರಳುವುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು ಸುಯ್ಯನೆ ಇಳಿಯುವವರನ್ನು ಕಂಡು ಮಕ್ಕಳು ‘ನಾವೂ ಹಾಗೇ ಜಾರಬೇಕು’ ಎಂದು ಹಟ ಹಿಡಿದರೆ? ಆಗ ಬೇಕಾಗುವುದು ಪ್ರವಾಸವಲ್ಲ, ಪುಟ್ಟದೊಂದು ತರಬೇತಿ ಶಿಬಿರ. ಮೊದಲ ಸಲ ಸ್ಕೀ ಕಟ್ಟುವ ಸಂಸಾರಕ್ಕೆ ಉತ್ತರಾಖಂಡದ ಔಲಿ ಚೆನ್ನಾಗಿ ಒಪ್ಪುತ್ತದೆ.

ಔಲಿ ಇರುವುದು ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ನೆತ್ತಿಯ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಎಷ್ಟು ಎತ್ತರವೋ ಅಲ್ಲಿ ಜೋಶಿಮಠದ ಪೇಟೆಬೀದಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ! ಅಲ್ಲಿಂದ ಮೇಲಕ್ಕೆ ಓಕ್ ಮತ್ತು ದೇವದಾರು ಕಾಡು ದಾಟಿದರೆ ಸುಮಾರು 2,500ರಿಂದ 3,050 ಮೀಟರ್ ಎತ್ತರದವರೆಗೆ ಹರಡಿಕೊಂಡ ಹುಲ್ಲುಗಾವಲು. ಬೇಸಿಗೆಯಲ್ಲಿ ಕುರಿ ಮೇಯುವ ಈ ಇಳಿಜಾರೇ ಚಳಿಗಾಲದಲ್ಲಿ ಸ್ಕೀ ಮೈದಾನ. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ, ಪಕ್ಕದಲ್ಲಿ ದ್ರೋಣಗಿರಿ, ಹಾಥಿ ಪರ್ವತ. ಇಂಡೋ-ಟಿಬೆಟನ್ ಗಡಿ ಪೊಲೀಸರು ತಮ್ಮ ಜವಾನರಿಗೆ ಸ್ಕೀ ಕಲಿಸುವುದೂ ಇಲ್ಲೇ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ಮೊದಲ ಬಾರಿಗೆ ನಡೆದಾಗ ಹಿಮದ ಸ್ಪರ್ಧೆಗಳಿಗೆ ಅಂಗಳವಾದದ್ದು ಈ ಇಳಿಜಾರೇ.

ಯೋಜನೆ ಹಾಕಲು ಕೂತಾಗ ಮೊದಲು ಎದುರಾಗುವ ತೊಡಕು ದುಡ್ಡಿನದಲ್ಲ, ಕ್ಯಾಲೆಂಡರಿನದು. ನಮ್ಮ ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್-ಮೇನಲ್ಲಿ. ಆಗ ಔಲಿಯ ತುಂಬ ಹಸಿರು ಹುಲ್ಲು. ಇನ್ನೊಂದು ರಜೆ ದಸರೆಯಲ್ಲಿ. ಆಗ ಹಿಮಕ್ಕೆ ಇನ್ನೂ ಕಾಲವಲ್ಲ. ಕ್ರಿಸ್ಮಸ್ ರಜೆ ಕೊಡುವ ಶಾಲೆಗಳವರಿಗೆ ಅದು ಸರಿಯೆನಿಸೀತು. ಆದರೆ ಡಿಸೆಂಬರ್ ಕೊನೆಯಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಬಿದ್ದರೂ ಸ್ಕೀಗೆ ಬೇಕಾದಷ್ಟು ದಪ್ಪ ಇರುವುದು ಅನುಮಾನ. ನಂಬಬಹುದಾದ ಕಾಲವೆಂದರೆ ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಅಂದರೆ ಪಾಠಗಳು ಭರದಿಂದ ಸಾಗಿ ಪರೀಕ್ಷೆ ಹತ್ತಿರವಾಗುತ್ತಿರುವ ದಿನಗಳು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯವರು ಆ ವರ್ಷ ಔಲಿಯನ್ನು ಮರೆಯುವುದೇ ಒಳಿತು. ಏಳನೆಯ ತರಗತಿಯೊಳಗಿನ ಮಕ್ಕಳಾದರೆ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಶಾಲೆಗೆ ಒಂದು ವಾರ ರಜೆಯ ಚೀಟಿ ಬರೆದು ಹೊರಡಬಹುದು. ಹೆಡ್ ಮಾಸ್ತರರನ್ನು ಒಪ್ಪಿಸುವ ಹೊಣೆ ನಿಮ್ಮದು!

ಇಷ್ಟಾದರೂ ಹಿಮ ಕೈಕೊಡಬಹುದು. ಮೆಡಿಟರೇನಿಯನ್ ಕಡೆಯಿಂದ ಸಾಲುಸಾಲಾಗಿ ಬರುವ ಮೋಡಗಳ ವ್ಯವಸ್ಥೆ ಗಢವಾಲಿನ ಬೆಟ್ಟಗಳಿಗೆ ಚಳಿಗಾಲದ ಮಳೆ-ಹಿಮ ತರುತ್ತದೆ. ಅದು ದುರ್ಬಲವಾದ ವರ್ಷ ಔಲಿ ಬರಿದು. 2023ರ ಫೆಬ್ರವರಿಯಲ್ಲಿ ಇಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಸ್ಪರ್ಧೆಗಳೇ ಹಿಮವಿಲ್ಲದೆ ರದ್ದಾದವು. ಕೃತಕ ಹಿಮ ತಯಾರಿಸಲೆಂದು ಬೆಟ್ಟದ ಮೇಲೊಂದು ಕೆರೆ ಕಟ್ಟಿ ಯಂತ್ರಗಳನ್ನು ತಂದಿದ್ದಾರೆ, ನಿಜ. ಆದರೆ ಗಾಳಿಯೇ ಸಾಕಷ್ಟು ತಣ್ಣಗಾಗದಿದ್ದರೆ ಯಂತ್ರ ಏನು ಮಾಡೀತು? ಆದ್ದರಿಂದ ಆರು ತಿಂಗಳು ಮುಂಚೆ ವಿಮಾನದ ಟಿಕೆಟ್ ಕೊಂಡು ಗೆದ್ದೆವೆಂದು ಬೀಗಬೇಡಿ. ದಿನಾಂಕ ಬದಲಿಸಲು ಬಿಡುವ ಟಿಕೆಟ್ಟಿಗೆ ನಾಲ್ಕು ಕಾಸು ಹೆಚ್ಚಾದರೂ ಅದೇ ಲೇಸು. ಹೊರಡುವ ಹತ್ತು ದಿನ ಮುಂಚೆ ಕೊಠಡಿ ಕಾದಿರಿಸಿದ ಕಡೆಗೇ ಫೋನ್ ಮಾಡಿ, ‘ಇಳಿಜಾರಿನ ಮೇಲೆ ಹಿಮ ಎಷ್ಟಿದೆ?’ ಎಂದು ಕೇಳಿ. ‘ಬನ್ನಿ, ಬರುತ್ತೆ’ ಎಂಬ ಉತ್ತರಕ್ಕೆ ಇಲ್ಲ ಎಂದೇ ಅರ್ಥ.

ದಾರಿ ದೂರ. ಡೆಹರಾಡೂನಿನ ವಿಮಾನ ನಿಲ್ದಾಣ ರಿಷಿಕೇಶದ ಹತ್ತಿರವೇ ಇದೆ. ರಿಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿ.ಮೀ., ಅಷ್ಟೂ ತಿರುವುಗಳ ರಸ್ತೆ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಎಂದು ನದಿಗಳ ಸಂಗಮಗಳನ್ನು ಎಣಿಸುತ್ತ ಹೋಗಬಹುದು, ವಾಂತಿ ಬಾರದಿದ್ದರೆ! ಒಂದೇ ದಿನಕ್ಕೆ ಮುಗಿಸುವ ಹಟ ಬೇಡ. ರುದ್ರಪ್ರಯಾಗದಲ್ಲೋ ಪೀಪಲ್‌ಕೋಟಿಯಲ್ಲೋ ಒಂದು ರಾತ್ರಿ ತಂಗಿದರೆ ಮಕ್ಕಳ ಹೊಟ್ಟೆಗೂ ಹಿತ, ಎತ್ತರಕ್ಕೆ ಮೈ ಒಗ್ಗುವುದಕ್ಕೂ ಹಿತ.

ಹಳೆಯ ಪ್ರವಾಸಿ ಪುಸ್ತಕಗಳು ಜೋಶಿಮಠದಿಂದ ಔಲಿಗೆ ಹೋಗುವ ಸುಮಾರು ನಾಲ್ಕು ಕಿ.ಮೀ. ಉದ್ದದ ರೋಪ್‌ವೇಯನ್ನು ಬಾಯಿತುಂಬ ಹೊಗಳುತ್ತವೆ. ಅದನ್ನು ನಂಬಿ ಹೋಗಬೇಡಿ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿಯತೊಡಗಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಾಣಿಸಿಕೊಂಡಾಗ ಅದನ್ನು ನಿಲ್ಲಿಸಲಾಯಿತು. ಎಂದೋ ಜಾರಿ ಬಂದು ನಿಂತ ಮಣ್ಣು-ಬಂಡೆಗಳ ರಾಶಿಯ ಮೇಲೆ ಕುಳಿತ ಊರು ಅದು. ಭಾರದ ಕಟ್ಟಡ ಬೇಡವೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಕೇಳಿದವರು ಯಾರು? ಮನೆ ಬಿರುಕುಬಿಟ್ಟವರ ಊರಿಗೆ ರಜೆ ಕಳೆಯಲು ಹೋಗುವುದು ಸರಿಯೇ ಎಂಬ ಮುಜುಗರ ಕೆಲವರಿಗೆ ಇದ್ದೀತು. ನನಗನ್ನಿಸುವಂತೆ, ಹೋಗಿ, ಅಲ್ಲಿನ ಜೀಪಿನವರು, ಅಡುಗೆಯವರು, ಸ್ಕೀ ಕಲಿಸುವ ಹುಡುಗರು ಇಡೀ ವರ್ಷ ಕಾಯುವುದು ಈ ಎರಡು ತಿಂಗಳಿಗೇ. ಹೊಸ ಬಹುಮಹಡಿಯ ಬದಲು ಹಳೆಯ ಸಣ್ಣ ವಸತಿಯಲ್ಲಿ ಇಳಿದುಕೊಳ್ಳಿ, ಅಷ್ಟೆ. ಮೇಲಕ್ಕೆ ರಸ್ತೆಯಿದೆ. ಹಿಮ ಬಿದ್ದ ದಿನ ಚಕ್ರಗಳಿಗೆ ಸರಪಳಿ ಕಟ್ಟಿದ ಸ್ಥಳೀಯ ಜೀಪನ್ನೇ ಹಿಡಿಯಿರಿ.

ಇನ್ನು ಕಲಿಕೆ. ಗಢವಾಲ್ ಮಂಡಲ ವಿಕಾಸ ನಿಗಮ ಇಲ್ಲಿ ವಾರದ, ಎರಡು ವಾರದ ಕೋರ್ಸುಗಳನ್ನು ನಡೆಸಿಕೊಂಡು ಬಂದಿದೆ. ಖಾಸಗಿಯಾಗಿ ಕಲಿಸುವವರೂ ಇದ್ದಾರೆ. ಸ್ಕೀ, ಬೂಟು, ಕೋಲುಗಳು ಬಾಡಿಗೆಗೆ ಸಿಗುತ್ತವೆ. ಮೊದಲ ದಿನ ಜಾರುವುದಿರಲಿ, ನಿಲ್ಲುವುದೇ ಪಾಠ. ಪಕ್ಕಕ್ಕೆ ಬೀಳುವುದು, ಎದ್ದು ನಿಲ್ಲುವುದು, ಏಡಿಯಂತೆ ಅಡ್ಡಡ್ಡ ಹೆಜ್ಜೆಯಿಟ್ಟು ದಿಬ್ಬ ಹತ್ತುವುದು. ಆಮೇಲೆ ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂಭಾಗವನ್ನು ಅಗಲಿಸಿ ವೇಗ ತಗ್ಗಿಸುವ ವಿದ್ಯೆ. ಇಷ್ಟು ಕೈಗೂಡಲು ಎರಡು ಮೂರು ದಿನ ಬೇಕು. ಹಾಗಾಗಿ ಇಳಿಜಾರಿನ ಮೇಲೆ ಕನಿಷ್ಠ ಐದು ದಿನ ಸಿಗದಿದ್ದರೆ ಇಷ್ಟು ದೂರ ಬಂದ ಖರ್ಚು ದಂಡ. ಮಕ್ಕಳು ಬೇಗ ಕಲಿಯುತ್ತಾರೆ. ಅವರು ಕುಳ್ಳು, ಬೀಳುವ ಭಯವೂ ಕಡಿಮೆ. ಅಪ್ಪಂದಿರ ಸ್ಥಿತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

ಸಮುದ್ರಮಟ್ಟಕ್ಕೆ ಹತ್ತಿರದ ನಾಡಿನವರಿಗೆ ಇದೆಲ್ಲ ಎಟಕುವ ಆಟವೇ ಎನ್ನಬೇಡಿ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಸ್ಕೀ ಓಟದ ಚಿನ್ನ ತಂದ ಭವಾನಿ ತೆಕ್ಕಡ ನಂಜುಂಡ ಹಿಮವೇ ಬೀಳದ ಕೊಡಗಿನವರು.

ಬಟ್ಟೆಯ ವಿಷಯದಲ್ಲಿ ಜಿಪುಣತನ ಬೇಡ. ಹತ್ತಿಯ ಜೀನ್ಸ್ ಒದ್ದೆಯಾದರೆ ಮರದ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ನೀರು ಹೀರದ ಪ್ಯಾಂಟೇ ಬೇಕು. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಬೇಡಿ, ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆಯದು ಒಂದೇ ಜೊತೆ ಸಾಕು. ಕೈಗವಸು ಮಾತ್ರ ಪ್ರತಿಯೊಬ್ಬರಿಗೂ ಎರಡೆರಡು ಜೊತೆ. ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು, ಕಪ್ಪು ಕನ್ನಡಕ ಮರೆಯಬೇಡಿ. ಬಾಡಿಗೆಯವರು ಬೂಟು ಸಿಕ್ಕಿಸುವ ಕೊಂಡಿಯನ್ನು ಮಗುವಿನ ತೂಕಕ್ಕೆ ತಕ್ಕಂತೆ ಹೊಂದಿಸಿದರೇ ನೋಡಿ; ಬಿದ್ದಾಗ ಅದು ಕಳಚಿಕೊಳ್ಳದಿದ್ದರೆ ಮಂಡಿಗೆ ಪೆಟ್ಟು. ಹೆಲ್ಮೆಟ್ ಕೊಡದವರ ಬಳಿ ಕಲಿಯಬೇಡಿ.

ಅಜ್ಜಿ-ತಾತ ಜೊತೆಗಿದ್ದರೆ ಅವರು ಜೋಶಿಮಠದಲ್ಲೇ ಉಳಿಯಲಿ. ಶೃಂಗೇರಿಯಂತೆ ಇದೂ ಶಂಕರಾಚಾರ್ಯರು ಸ್ಥಾಪಿಸಿದ ನಾಲ್ಕು ಪೀಠಗಳಲ್ಲಿ ಒಂದೆಂಬ ನಂಬಿಕೆಯಿದೆ. ಬದರಿಯ ಬಾಗಿಲು ಮುಚ್ಚಿದ ಮೇಲೆ ಶಂಕರರ ಗದ್ದುಗೆ ಇಲ್ಲಿನ ನರಸಿಂಹ ದೇವಾಲಯಕ್ಕೆ ಬರುತ್ತದೆ. ಅವರಿಗೆ ಅಷ್ಟು ಸಾಕು, ಔಲಿಯ ಚಳಿ ಬೇಡ.

ಮರಳುವಾಗ ಒಂದು ದಿನ ಕೈಯಲ್ಲಿರಲಿ. ಹಿಮ ಬಿದ್ದೋ ಗುಡ್ಡ ಜರಿದೋ ರಸ್ತೆ ಮುಚ್ಚುವುದು ಅಲ್ಲಿ ಹೊಸದಲ್ಲ. ವಿಮಾನ ಬುಧವಾರ ಮಧ್ಯಾಹ್ನವಾದರೆ ಸೋಮವಾರ ಬೆಳಿಗ್ಗೆಯೇ ಜೋಶಿಮಠ ಬಿಡಿ.