ಹ್ಯಾಮ್ ರೇಡಿಯೊ ಸಿಳ್ಳೆ ಓದಲು ಯಾವ ಸಾಫ್ಟ್‌ವೇರ್? ದುಡ್ಡು ಕೊಡುವ ಮೊದಲು ಇದನ್ನು ಓದಿ

ಶಾರ್ಟ್‌ವೇವ್ ರೇಡಿಯೊ ತಿರುಗಿಸುವಾಗ ಸಣ್ಣ ಸಿಳ್ಳೆಯಂಥ ಸದ್ದು ಕೇಳಿದ್ದೀರಾ? ಅದರಲ್ಲಿ ಕೆಲವು ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಳಿಸುವ ಡಿಜಿಟಲ್ ಸಂದೇಶಗಳು. ಸರಿಯಾದ ಸಾಫ್ಟ್‌ವೇರ್ ಇದ್ದರೆ ಕಂಪ್ಯೂಟರ್ ಆ ಸದ್ದನ್ನು ಅಕ್ಷರ ಮಾಡಿ ತೋರಿಸುತ್ತದೆ.

ಹೊಸಬರು ಮೊದಲು ಕೇಳೋದು, 'ಯಾವ ಸಾಫ್ಟ್‌ವೇರ್ ಒಳ್ಳೆಯದು?' ಅಂತ. ಕೇಳಬೇಕಾದ್ದು, 'ನಾನು ಓದಬೇಕಾದ ಸಿಗ್ನಲ್ ಯಾವುದು?' ಅಂತ. ಒಂದೊಂದು ಬೀಗಕ್ಕೆ ಒಂದೊಂದು ಕೀ ಇದ್ದ ಹಾಗೆ.

ಎಫ್‌ಟಿ8: 2017ರಲ್ಲಿ ಬಂದ ಈ ಪದ್ಧತಿಯೇ ಈಗ ಹೆಚ್ಚು ಬಳಕೆಯಲ್ಲಿದೆ. 7.074 ಮತ್ತು 14.074 ಮೆಗಾಹರ್ಟ್ಜ್‌ನಲ್ಲಿ ಸಿಗುತ್ತದೆ. ಇದಕ್ಕೆ ಡಬ್ಲ್ಯುಎಸ್‌ಜೆಟಿ-ಎಕ್ಸ್ ಹಾಕಿಕೊಳ್ಳಿ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋಸೆಫ್ ಟೇಲರ್ ಶುರು ಮಾಡಿದ ಸಾಫ್ಟ್‌ವೇರ್ ಇದು. ಕಿವಿಗೆ ಕೇಳಿಸದಷ್ಟು ಕ್ಷೀಣ ಸಿಗ್ನಲನ್ನೂ ಓದುತ್ತದೆ.

ಪಿಎಸ್‌ಕೆ31, ಆರ್‌ಟಿಟಿವೈ, ಮೋರ್ಸ್: ಟೈಪ್ ಮಾಡಿ ಹರಟುವವರ ಪದ್ಧತಿಗಳಿವು. ಎಫ್‌ಎಲ್‌ಡಿಜಿ ಒಂದರಲ್ಲೇ ಎಲ್ಲ ಸಿಗುತ್ತವೆ. ಆದರೆ ಇದು ಎಫ್‌ಟಿ8 ಓದುವುದಿಲ್ಲ.

ಚಿತ್ರಗಳು: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಕೆಲವು ದಿನ 145.800 ಮೆಗಾಹರ್ಟ್ಜ್‌ನಲ್ಲಿ ಚಿತ್ರ ಬರುತ್ತದೆ. ಆಂಡ್ರಾಯ್ಡ್ ಫೋನಿಗೆ ರೋಬೋಟ್36 ಹಾಕಿ ರೇಡಿಯೊ ಸ್ಪೀಕರ್ ಹತ್ತಿರ ಹಿಡಿದರೆ ಚಿತ್ರ ಗೆರೆಗೆರೆಯಾಗಿ ಮೂಡುತ್ತದೆ.

ಈ ಮೂರೂ ಪೂರ್ತಿ ಉಚಿತ. ಯಾರಾದರೂ ಸಿಡಿ, ಪೆನ್‌ಡ್ರೈವ್‌ನಲ್ಲಿ ಹಾಕಿ ದುಡ್ಡು ಕೇಳಿದರೆ ಕೊಡಬೇಡಿ. ತಯಾರಿಸಿದವರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಬೇರೆ ಕಡೆಯದ್ದರಲ್ಲಿ ವೈರಸ್ ಇರಬಹುದು.

ಪರದೆ ಖಾಲಿ ಇದ್ದರೆ? ಸಾಫ್ಟ್‌ವೇರ್ ಬದಲಿಸುವ ಮೊದಲು ಎರಡು ವಿಷಯ ನೋಡಿ. ಒಂದು, ಕಂಪ್ಯೂಟರಿನ ಗಡಿಯಾರ. ಎಫ್‌ಟಿ8 ಸಂದೇಶಗಳು 15 ಸೆಕೆಂಡಿನ ಸರದಿಯಲ್ಲಿ ಹೋಗುತ್ತವೆ. ಗಡಿಯಾರ ಮೂರ್ನಾಲ್ಕು ಸೆಕೆಂಡ್ ಹಿಂದೆಮುಂದೆ ಆದರೂ ಏನೂ ಮೂಡುವುದಿಲ್ಲ. ಇಂಟರ್ನೆಟ್ ಸಮಯಕ್ಕೆ ಹೊಂದಿಸಿ. ಎರಡು, ಸದ್ದಿನ ಮಟ್ಟ. ವಾಲ್ಯೂಮ್ ತೀರಾ ಜಾಸ್ತಿಯಾದರೂ ಸಿಗ್ನಲ್ ಕೆಡುತ್ತದೆ.

ರೇಡಿಯೊ ಇಲ್ಲದೆಯೂ ನೋಡಬಹುದು: ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ರಿಸೀವರನ್ನು ಇಂಟರ್ನೆಟ್‌ನಲ್ಲೇ ಕೇಳಬಹುದು. ಫೋನಿನಲ್ಲಿ ಅದನ್ನು ತೆರೆದು 14.074ಕ್ಕೆ ತಿರುಗಿಸಿ, ಯುಎಸ್‌ಬಿ ಒತ್ತಿ, ಲ್ಯಾಪ್‌ಟಾಪ್ ಮೈಕ್ ಹತ್ತಿರ ಇಡಿ. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಲ್ಲಿ ದೇಶವಿದೇಶದ ಕರೆಸಂಕೇತಗಳು ಸಾಲಾಗಿ ಬರುತ್ತವೆ. ಇಷ್ಟವಾದರೆ ಮಾತ್ರ ಉಪಕರಣಕ್ಕೆ ದುಡ್ಡು ಹಾಕಿ.

ನೆನಪಿರಲಿ: ನೀವೇ ಸಂದೇಶ ಕಳಿಸಬೇಕೆಂದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಲೇಬೇಕು.