ಹರಿಗೋಲಿನ ಗಣಿತ

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ನೆಲಕ್ಕೆ ಹಿಂದಿನವರು ಎಡೆದೊರೆ ನಾಡು ಎಂದು ಹೆಸರಿಟ್ಟರು. ರಾಯಚೂರು ನಗರವಿರುವುದು ಇಲ್ಲಿಯೇ. ದೇವದುರ್ಗ ತಾಲೂಕು ಕೃಷ್ಣೆಯ ದಡವನ್ನು ಹಿಡಿದುಕೊಂಡಿದ್ದರೆ ಮಾನ್ವಿ ತಾಲೂಕು ತುಂಗಭದ್ರೆಯ ದಡವನ್ನು ಹಿಡಿದುಕೊಂಡಿದೆ. ಸೇತುವೆಯಿಲ್ಲದ ಕಡೆಗಳಲ್ಲಿ ಜನರನ್ನು ದಾಟಿಸುತ್ತ ಬಂದಿರುವುದು ಹರಿಗೋಲು. ಕೃಷ್ಣೆಯ ನಡುಗಡ್ಡೆಯಾದ ಕುರುವಪುರಕ್ಕೆ ಹೋಗುವ ಯಾತ್ರಿಕರು ಇದನ್ನು ಚೆನ್ನಾಗಿ ಬಲ್ಲರು. ದಡದಲ್ಲಿ ನಿಂತು, ಆಚೆ ಸೇರಲು ಎಷ್ಟು ಹೊತ್ತು ಬೇಕೆಂದು ಕೇಳಿದರೆ ಅಂಬಿಗನು ಗಡಿಯಾರವನ್ನು ನೋಡುವುದಿಲ್ಲ, ನೀರನ್ನು ನೋಡುತ್ತಾನೆ. ಅವನು ಅಲ್ಲಿ ಕಾಣುವುದೇನು?

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ರಸ್ತೆಯ ಮೇಲೆ ಇದು ಸರಿ. ಆದರೆ ನದಿಯಲ್ಲಿ ರಸ್ತೆಯೇ ಚಲಿಸುತ್ತಿರುತ್ತದೆ! ಅದೂ ಅಲ್ಲದೆ ನಮ್ಮ ವಾಹನವೂ ವಿಚಿತ್ರವಾದುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ, ಹದಿನೈದು ಇಪ್ಪತ್ತು ಜನರನ್ನು ಹೊರುವ, ಗಿರಗಿರನೆ ಸುತ್ತುತ್ತಲೇ ಸಾಗುವ ಈ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಹರಿಗೋಲಿಗೆ ಮುಂದು ಹಿಂದುಗಳೆಂಬುದಿಲ್ಲ. ನೀರನ್ನು ಸೀಳುವ ಅಡಿಗಟ್ಟೂ ಇಲ್ಲ. ಹುಟ್ಟಿನ ಶಕ್ತಿಯ ಒಂದು ಪಾಲು ಸುತ್ತುವುದರಲ್ಲಿಯೇ ವ್ಯಯವಾಗುವುದರಿಂದ ಅದರ ವೇಗ ಅಲ್ಪ.

ಲೆಕ್ಕಕ್ಕಾಗಿ ಆ ವೇಗ ಸೆಕೆಂಡಿಗೆ 0.6 ಮೀಟರ್, ನದಿಯ ಅಗಲ 300 ಮೀಟರ್ ಎಂದು ಇಟ್ಟುಕೊಳ್ಳೋಣ. ನಿಂತ ನೀರಿನಲ್ಲಿ ದಾಟಲು 500 ಸೆಕೆಂಡು, ಎಂದರೆ ಎಂಟು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಈಗ ಸೆಕೆಂಡಿಗೆ 0.4 ಮೀಟರಿನ ಸೆಳವು ಇದೆಯೆನ್ನಿ. ನೇರ ಎದುರುದಡದತ್ತ ಹುಟ್ಟು ಹಾಕಿದರೆ ಅದೇ 500 ಸೆಕೆಂಡಿನಲ್ಲಿ ದಡವೇನೋ ಸಿಕ್ಕುತ್ತದೆ, ಆದರೆ 200 ಮೀಟರ್ ಕೆಳಗೆ. ಹೊರಟ ಸ್ಥಳಕ್ಕೆ ಎದುರಾಗಿಯೇ ಇಳಿಯಬೇಕೆಂದರೆ ದೋಣಿಯನ್ನು ಓರೆಯಾಗಿ ಪ್ರವಾಹದ ಮೇಲ್ಮುಖಕ್ಕೆ ನಡೆಸಬೇಕು. ಪೈಥಾಗೊರಸನ ಪ್ರಮೇಯದಂತೆ ಅಡ್ಡವೇಗ ಆಗ 0.45 ಮೀಟರಿಗೆ ಇಳಿದು, ಹನ್ನೊಂದು ನಿಮಿಷ ಬೇಕಾಗುತ್ತದೆ. ಸೆಳವು 0.8 ಮೀಟರಾದರೆ? ಅದು ಹರಿಗೋಲಿನ ವೇಗವನ್ನು ಮೀರಿತು. ಎಷ್ಟೇ ಹುಟ್ಟು ಹಾಕಿದರೂ ನೇರ ಎದುರು ಇಳಿಯುವುದು ಅಸಾಧ್ಯ. ನೇರ ಹುಟ್ಟಿದರೆ 400 ಮೀಟರ್ ಕೆಳಗೆ ಇಳಿಯುತ್ತೇವೆ.

ಆದುದರಿಂದಲೇ ಅಂಬಿಗನು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ನಡೆಯುವುದು. 400 ಮೀಟರ್ ಕೆಳಗೆ ಇಳಿದವನು ಹೊರಟ ಜಾಗಕ್ಕೇ ಮರಳಬೇಕಾದರೆ ಆಚೆಯ ದಡದಲ್ಲಿ 800 ಮೀಟರ್ ನಡೆಯಬೇಕು. ಹೊರೆಯೊಡನೆ ಸೆಕೆಂಡಿಗೆ 0.8 ಮೀಟರಿನಂತೆ ನಡೆದರೆ ಅದಕ್ಕೇ 1,000 ಸೆಕೆಂಡು. ನೀರಿನ ಮೇಲೆ ಎರಡು ಸಲ ದಾಟಲೂ ಅಷ್ಟೇ! ಪ್ರಯಾಣದ ಅರ್ಧ ಕಾಲ ಮನುಷ್ಯನೇ ದೋಣಿಯನ್ನು ಹೊತ್ತಿರುತ್ತಾನೆ.

ಈ ಲೆಕ್ಕವನ್ನು ಅಲಕ್ಷಿಸಿದವರು ರಾಜರಲ್ಲಿಯೂ ಇದ್ದರು. 1520ರ ರಾಯಚೂರು ಯುದ್ಧದಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಹನು ಆತುರಪಟ್ಟು ಕೃಷ್ಣೆಯನ್ನು ದಾಟಿದನೆಂದೂ, ಅವನ ಸೈನ್ಯದ ಒಂದು ಭಾಗ ಮಾತ್ರ ಈಚೆ ಬಂದಿತ್ತೆಂದೂ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಸೆಳವೇ ಇಲ್ಲವೆಂದುಕೊಂಡರೂ, ಹೋಗಿಬರುವುದಕ್ಕೆ 17 ನಿಮಿಷ, ಹತ್ತಿಸಿ ಇಳಿಸುವುದಕ್ಕೆ 13 ನಿಮಿಷ, ಒಟ್ಟು ಅರ್ಧ ಗಂಟೆ ಹಿಡಿಯುತ್ತದೆ. ನೂರು ಹರಿಗೋಲುಗಳಲ್ಲಿ ಹದಿನೈದು ಹದಿನೈದು ಜನರಂತೆ ಗಂಟೆಗೆ 3,000 ಮಂದಿ ದಾಟಿಯಾರು; ಕುದುರೆಗಳ ಮಾತು ಬೇರೆ. ಸೋತು ಓಡುವಾಗಲಾದರೋ ಗಂಟೆಗಳ ಪ್ರಶ್ನೆಯೇ ಇಲ್ಲ, ಎಲ್ಲರಿಗೂ ಒಮ್ಮೆಲೇ ದಾಟಬೇಕು. ಕೃಷ್ಣದೇವರಾಯನ ಸೈನ್ಯ ಬೆನ್ನಟ್ಟಿದಾಗ ಅನೇಕರು ನದಿಯಲ್ಲಿ ಮುಳುಗಿದರು.

ಅಡ್ಡ ದಾಟುವುದನ್ನು ಬಿಟ್ಟು ನದಿಯ ಉದ್ದಕ್ಕೆ ಪ್ರಯಾಣ ಮಾಡಿದರೆ ಸೆಳವಿನ ಉಪಕಾರ ಒಂದು ಕಡೆ, ಅಪಕಾರ ಇನ್ನೊಂದು ಕಡೆ. ಎರಡೂ ಸಮನಾಗಿ ಹೋಗಬಹುದೆಂದು ತೋರುತ್ತದೆ. ಹಾಗಾಗುವುದಿಲ್ಲ. ದೋಣಿಯ ವೇಗ ಗಂಟೆಗೆ 2 ಕಿಲೋಮೀಟರ್, ಸೆಳವು 1 ಕಿಲೋಮೀಟರ್ ಇದ್ದರೆ, 20 ಕಿಲೋಮೀಟರ್ ಕೆಳಗಿಳಿಯಲು 6 ಗಂಟೆ 40 ನಿಮಿಷ, ಮೇಲೇರಲು 20 ಗಂಟೆ. ನಿಂತ ನೀರಿನಲ್ಲಿ ಎರಡೂ ಸೇರಿ 20 ಗಂಟೆಯಲ್ಲಿ ಮುಗಿಯುತ್ತಿತ್ತು. ಅಪಕಾರದ ಅವಧಿಯೇ ದೀರ್ಘವಾಗಿರುವುದರಿಂದ ನಷ್ಟ ತಪ್ಪದು. ಬಾಬಿಲೋನಿಗೆ ಬರುತ್ತಿದ್ದ ವರ್ತಕರು ಇದನ್ನು ಅರಿತಿದ್ದರು. ಅವರು ತೊಗಲಿನ ದುಂಡುದೋಣಿಗಳಲ್ಲಿ ಸರಕಿನೊಡನೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಕೆಳಗಿಳಿದು ಬಂದು, ಚೌಕಟ್ಟನ್ನು ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ ನೆಲದ ದಾರಿಯಿಂದ ಮರಳುತ್ತಿದ್ದರೆಂದು ಹೆರೊಡೊಟಸ್ ಹೇಳುತ್ತಾನೆ. ಜಾಣತನದ ಏರ್ಪಾಡು, ಕತ್ತೆಯ ಅಭಿಪ್ರಾಯ ಏನಿತ್ತೋ!

ಸೆಳವನ್ನು ಅಳೆಯಲು ಉಪಕರಣ ಬೇಡ. ದಡದಲ್ಲಿ 50 ಮೀಟರ್ ಗುರುತು ಮಾಡಿ, ಜೋಳದ ದಂಟಿನ ತುಂಡೊಂದನ್ನು ನೀರಿಗೆ ಎಸೆದು, ಅದು ಆ ದೂರ ಸಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸಿದರೆ ಸಾಕು. ದಡದ ಬಳಿ ನೀರು ಮಂದ, ನಡುವೆ ಚುರುಕು. ಆದುದರಿಂದ ಎರಡು ಮೂರು ಕಡೆ ಎಸೆದು ನೋಡಬೇಕು. ಮೇಲಕ್ಕೆ ಹೋಗುವ ದೋಣಿ ದಡಕ್ಕೆ ಅಂಟಿಕೊಂಡೇ ಸಾಗುವುದಕ್ಕೂ ಇದೇ ಕಾರಣ.

ನೆರೆ ಬಂದಾಗ ಈ ಸಂಖ್ಯೆಗಳೆಲ್ಲ ಒಟ್ಟಿಗೆ ಕೆಡುತ್ತವೆ. ಅಗಲವಾದ ನದಿಗಳಲ್ಲಿ ಆಳ ಮೂರು ಪಟ್ಟಾದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆಂದು ಮ್ಯಾನಿಂಗನ ಸೂತ್ರ ತಿಳಿಸುತ್ತದೆ. ನಮ್ಮ 0.8 ಮೀಟರಿನ ಸೆಳವು 1.66 ಆಗಿ, ಅಗಲವೂ 500 ಮೀಟರಿಗೆ ಬೆಳೆದರೆ, ದಾಟಲು ಹದಿನಾಲ್ಕು ನಿಮಿಷ. ಇಳಿಯುವುದು ಸುಮಾರು 1,400 ಮೀಟರ್ ಕೆಳಗೆ. ಆ ಅಂತರದಲ್ಲಿ ಬಂಡೆಯಿರಬಹುದು, ಮುಳುಗಿದ ಮರವಿರಬಹುದು. ನಾರಾಯಣಪುರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೇವದುರ್ಗದ ಹೂವಿನಹೆಡಗಿಯಲ್ಲಿ ಸೇತುವೆಯೇ ಮುಳುಗುತ್ತದೆ. ರಾಯಚೂರಿನ ಉತ್ತರಕ್ಕೆ ಭೀಮೆಯೂ ಬಂದು ಕೂಡುವುದರಿಂದ ಕುರುವಪುರದ ನೀರನ್ನು ಒಂದು ನದಿಯ ಸುದ್ದಿಯಿಂದ ಊಹಿಸಲಾಗದು.

ಇನ್ನೊಂದು ವಿಷಯವನ್ನು ಕೇಳಿದವರು ಮೊದಲು ನಂಬುವುದಿಲ್ಲ: ನೆರೆಯ ಅಲೆ ನೀರಿಗಿಂತ ವೇಗವಾಗಿ ಚಲಿಸುತ್ತದೆ. ಅದೇ ಸೂತ್ರದಂತೆ ಅದರ ವೇಗ ನೀರಿನ ವೇಗದ ಸುಮಾರು ಒಂದೂ ಮೂರರಲ್ಲೆರಡು ಪಟ್ಟು. ನೀರು ಸೆಕೆಂಡಿಗೆ 1.2 ಮೀಟರ್ ಹರಿಯುತ್ತಿದ್ದರೆ ಅಲೆ 2 ಮೀಟರಿನಂತೆ, ಎಂದರೆ ಗಂಟೆಗೆ 7 ಕಿಲೋಮೀಟರಿಗೂ ಮೀರಿ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಕೆಳಗಿನ ನದೀತೀರದ ಹಳ್ಳಿಗಳಿಗೆಲ್ಲ ಎಚ್ಚರಿಕೆ ಕೊಡಬೇಕಾಯಿತು. ಅಂಥ ರಾತ್ರಿ ಮಾನ್ವಿಯ ದಡದಿಂದ 36 ಕಿಲೋಮೀಟರ್ ಮೇಲೆ ಅಲೆಯಿದೆಯೆಂದು ತಿಳಿದರೆ ಅದು ಮುಟ್ಟಲು ಸುಮಾರು ಐದು ಗಂಟೆ. ಅಷ್ಟರಲ್ಲಿ ಹರಿಗೋಲುಗಳನ್ನು ದಡದ ಮೇಲಕ್ಕೆ ಎಳೆದು ಕವುಚಿ ಹಾಕುವುದಕ್ಕೆ ಬೇಕಾದಷ್ಟು ಹೊತ್ತಿದೆ. ಪ್ರವಾಹದೊಡನೆ ತೇಲಿ ಅಲೆಯಿಂದ ತಪ್ಪಿಸಿಕೊಳ್ಳುವೆನೆಂದು ಹೊರಟವನನ್ನು ಅದು ದಾರಿಯಲ್ಲಿಯೇ ಹಿಡಿಯುತ್ತದೆ.