ಎಂಜಿನ್ನಿಲ್ಲದ ವಾಹನದ ಹೊಣೆ

ಕಬ್ಬು ಬೆಳೆಯುವ ಸೀಮೆಯ ಯಾವ ದೊಡ್ಡ ಊರಿಗೆ ಹೋದರೂ, ಅದು ಮಂಡ್ಯದ ನಾಲೆಯ ಬಯಲಾಗಿರಲಿ, ಮುಧೋಳ ಜಮಖಂಡಿಗಳ ಎರೆಯ ನೆಲವಾಗಿರಲಿ, ರಸ್ತೆಯಂಚಿನಲ್ಲಿ ತಗಡಿನ ಮಾಡಿನ ಒಂದು ವೆಲ್ಡಿಂಗ್ ಶಾಪು ಇದ್ದೇ ಇರುತ್ತದೆ; ಅದರ ಮುಂದೆ ಕಬ್ಬಿಣದ ಚಾನೆಲ್ಲುಗಳು, ಆಂಗಲ್ಲುಗಳು, ಗುಜರಿಯಿಂದ ಬಂದ ಲಾರಿಯ ಆಕ್ಸಲ್ಲು, ಇನ್ನೂ ಬಣ್ಣ ಕಾಣದ ಟ್ರ್ಯಾಕ್ಟರ್ ಟ್ರೇಲರೊಂದರ ಚೌಕಟ್ಟು, ಇವೆಲ್ಲ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತವೆ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನೇ ಹತ್ತದಿದ್ದರೂ ಲೋಹದ ಸ್ವಭಾವವನ್ನು ಕೈಯಿಂದಲೇ ಅರಿತ ಕುಶಲಿಗಳು, ರೈತನು ಎದುರಿಗೆ ನಿಂತು ಹೇಳಿದ ಅಳತೆಗೆ, ಅವನ ಹೊಲದ ದಾರಿಗೂ ಅವನ ಬೆಳೆಯ ಭಾರಕ್ಕೂ ಹೊಂದುವಂತೆ, ಅಲ್ಲಿ ಟ್ರೇಲರು ಕಟ್ಟಿಕೊಡುತ್ತಾರೆ. ಬಡಗಿಯೂ ಕಮ್ಮಾರನೂ ಕೂಡಿ ಎತ್ತಿನ ಗಾಡಿಯನ್ನು ನಿರ್ಮಿಸುತ್ತಿದ್ದ ಪರಂಪರೆಗೆ ಇವರು ನೇರವಾದ ಉತ್ತರಾಧಿಕಾರಿಗಳು. ಇವರ ವಿದ್ಯೆಯ ವಿಷಯದಲ್ಲಿ ನನಗಿರುವ ಗೌರವವು ಅಲ್ಪವಾದುದಲ್ಲ. ಆ ಗೌರವವೇ ಈ ಮಾತುಗಳನ್ನು ಬರೆಯಿಸುತ್ತಿದೆ. ಭಾರವನ್ನು ಹೊರಿಸುವ ವಿದ್ಯೆಯನ್ನು ಇಷ್ಟು ಚೆನ್ನಾಗಿ ಕಲಿತ ಈ ಕೈಗಳಿಗೆ, ಭಾರವನ್ನು ನಿಲ್ಲಿಸುವ ವಿದ್ಯೆಯನ್ನೂ ಅಷ್ಟೇ ಶ್ರದ್ಧೆಯಿಂದ ತೋರಿಸಿರೆಂದು, ಮಾಡಿಸಿಕೊಳ್ಳುವವರಾದ ನಾವು ಎಂದೂ ಕೇಳಿದವರಲ್ಲ.

ಕಾನೂನಿನಿಂದಲೇ ಪ್ರಾರಂಭಿಸುವುದು ಯುಕ್ತ, ಏಕೆಂದರೆ ಹೆಚ್ಚಿನವರು ಅದನ್ನು ಕಟ್ಟಕಡೆಗೆ ಇಟ್ಟುಕೊಂಡು ಕಷ್ಟಕ್ಕೆ ಸಿಲುಕುತ್ತಾರೆ. 1988ರ ಮೋಟಾರು ವಾಹನಗಳ ಅಧಿನಿಯಮವು, ಟ್ರೇಲರಿನಲ್ಲಿ ಎಂಜಿನ್ನಿನ ಲವಲೇಶವೂ ಇಲ್ಲದಿದ್ದರೂ, ಅದನ್ನು ಮೋಟಾರು ವಾಹನದ ವ್ಯಾಖ್ಯೆಯೊಳಗೇ ಸೇರಿಸಿದೆ. ಟ್ರ್ಯಾಕ್ಟರಿಗೆ ಆರ್‌ಸಿ ಇದ್ದರೆ ಸಾಕು, ಹಿಂದೆ ಕಟ್ಟಿದ್ದು ಅದಕ್ಕೇ ಸೇರಿತು ಎಂದು ಭಾವಿಸಿರುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಟ್ರೇಲರಿಗೆ ತನ್ನದೇ ನೋಂದಣಿಯೂ ತನ್ನದೇ ಸಂಖ್ಯೆಯೂ ಇರತಕ್ಕದ್ದು, ವಿಮೆಯ ಪತ್ರದಲ್ಲಿ ಅದರ ಉಲ್ಲೇಖವೂ ಪ್ರತ್ಯೇಕವಾಗಿ ಇರತಕ್ಕದ್ದು. ಅದೇ ಅಧಿನಿಯಮದ 61ನೆಯ ಪ್ರಕರಣದಂತೆ ಟ್ರೇಲರಿನ ಸ್ವಂತ ಸಂಖ್ಯೆಯು ಅದರ ಪಾರ್ಶ್ವದಲ್ಲಿ ಕಾಣಬೇಕು. ಎಳೆಯುವ ವಾಹನದ ಸಂಖ್ಯೆಯು ಟ್ರೇಲರಿನ ಮೇಲೆ, ಒಂದಕ್ಕಿಂತ ಹೆಚ್ಚಿದ್ದರೆ ಕಟ್ಟಕಡೆಯದರ ಮೇಲೆ, ಕಾಣಬೇಕು. ಅಪಘಾತವಾದ ರಾತ್ರಿಯಲ್ಲಿ ಯಾರ ವಾಹನ, ಯಾರ ಹೊಣೆ ಎಂಬ ಪ್ರಶ್ನೆ ಎದ್ದಾಗ ಈ ಎರಡು ಫಲಕಗಳ ಬೆಲೆ ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 126ನೆಯದು, ವಾಹನವನ್ನು ತಯಾರಿಸುವವನು ಮೊದಲು ಅದರ ಮೂಲಮಾದರಿಯನ್ನು ಅಂಗೀಕೃತ ಸಂಸ್ಥೆಯೊಂದರ ಪರೀಕ್ಷೆಗೆ ಒಡ್ಡಬೇಕೆಂದು ವಿಧಿಸುತ್ತದೆ. ಪುಣೆಯಲ್ಲಿರುವ ಎಆರ್‌ಎಐ ಮತ್ತು ಸಿಐಆರ್‌ಟಿ, ಮಧ್ಯಪ್ರದೇಶದ ಬುದನಿಯಲ್ಲಿರುವ ಕೃಷಿಯಂತ್ರ ಸಂಸ್ಥೆ ಮೊದಲಾದವು ಅಂತಹ ಪರೀಕ್ಷೆಯನ್ನು ನಡೆಸುವ ಸ್ಥಳಗಳು. ಮಾರಾಟಪತ್ರವಾದ ಫಾರಂ 21, ವಾಹನವು ರಸ್ತೆಗೆ ಯೋಗ್ಯವಾಗಿದೆ ಎಂದು ತಯಾರಕನೇ ಬರೆದುಕೊಡತಕ್ಕ ಫಾರಂ 22, ಇವುಗಳೊಡನೆ ಫಾರಂ 20ರ ಅರ್ಜಿ ಹೋದಾಗಲೇ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯ ಮಾತು. ಆದುದರಿಂದ, ತನ್ನ ಅಂಗಳದಲ್ಲಿ ತಾನೇ ಟ್ರೇಲರು ಕಟ್ಟಿ ರಸ್ತೆಗಿಳಿಸುವೆನೆನ್ನುವವನು ಕಬ್ಬಿಣವನ್ನು ಕತ್ತರಿಸುವುದಕ್ಕೆ ಮುಂಚೆಯೇ ಆ ಕಚೇರಿಗೆ ಹೋಗಿ, ಜನರು ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರನ್ನು ಕಂಡು, ತನ್ನ ನಕ್ಷೆಗೆ ದಾರಿಯುಂಟೇ ಎಂಬುದನ್ನು ವಿಚಾರಿಸುವುದು ವಿವೇಕ. ಶಾಪಿನಲ್ಲಿ ಮಾಡಿಸುವವನು, ಮುಂಗಡ ಕೊಡುವ ಮೊದಲು, ಆ ಶಾಪಿಗೆ ಮಾದರಿಯ ಅನುಮೋದನೆ ಇದೆಯೇ, ಇದ್ದರೆ ತನಗೆ ಕಟ್ಟಿಕೊಡುವ ಟ್ರೇಲರು ಆ ಮಾದರಿಯ ಅಳತೆಯದೇ ಆಗಿರುವುದೇ, ಎಂದು ಪತ್ರವನ್ನು ಕೈಯಲ್ಲಿ ಹಿಡಿದು ನೋಡಬೇಕು. ಈ ಎರಡೂ ಆಗದಿದ್ದ ಪಕ್ಷದಲ್ಲಿ ಆ ಟ್ರೇಲರು ಹೊಲದ ಬದುವಿನೊಳಗೆ ಗೊಬ್ಬರ ಹೊರುತ್ತ ಇರತಕ್ಕದ್ದೇ ಹೊರತು ಸಾರ್ವಜನಿಕ ರಸ್ತೆಯನ್ನು ಮೆಟ್ಟತಕ್ಕದ್ದಲ್ಲ. ನೋಂದಣಿಯಾದ ಮೇಲೆ ಪಕ್ಕದ ತಗಡುಗಳನ್ನು ಎತ್ತರಿಸುವುದು, ಚಾಸಿಯನ್ನು ಉದ್ದ ಮಾಡಿಸುವುದು ಮುಂತಾದ ರೂಢಿಯ ಕೆಲಸಗಳೂ ಅಧಿನಿಯಮದ 52ನೆಯ ಪ್ರಕರಣದ ನಿಷೇಧಕ್ಕೆ ಒಳಪಡುತ್ತವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ನಿರ್ಮಾಣದ ವಿಷಯ. ಎತ್ತಿನ ಗಾಡಿಗೆ ಹೇರು ಕಟ್ಟುತ್ತಿದ್ದ ಹಿರಿಯರು ಮುಂಭಾರ, ಹಿಂಭಾರ ಎಂಬೆರಡು ಮಾತುಗಳಲ್ಲಿ ಒಂದು ಶಾಸ್ತ್ರವನ್ನೇ ಅಡಗಿಸಿದ್ದರು: ಹೇರು ಮುಂದಕ್ಕೆ ಸರಿದರೆ ನೊಗವು ಎತ್ತುಗಳ ಹೆಗಲನ್ನು ಅದುಮುವುದು, ಹಿಂದಕ್ಕೆ ಸರಿದರೆ ಮೂಕಿಯು ಮೇಲೆದ್ದು ಎತ್ತುಗಳ ಕೊರಳಿಗೇ ಅಪಾಯ ತರುವುದು. ಒಂದೇ ಆಕ್ಸಲ್ಲಿನ ಎರಡು ಗಾಲಿಯ ಟ್ರೇಲರಿಗೂ ಅನ್ವಯಿಸುವುದು ಇದೇ ನಿಯಮ. ಆಕ್ಸಲ್ಲನ್ನು ಪೆಟ್ಟಿಗೆಯ ನಟ್ಟನಡುವಿನಿಂದ ಕೊಂಚ ಹಿಂದಕ್ಕೆ ಕೂರಿಸಿದರೆ, ತುಂಬಿದ ಹೇರಿನ ಒಂದಂಶವು ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಕುಳಿತು ಅವುಗಳಿಗೆ ನೆಲದ ಹಿಡಿತ ದೊರೆಯುತ್ತದೆ. ಈ ಅಂಶವು ಮಿತಿಮೀರಿದರೆ ಟ್ರ್ಯಾಕ್ಟರಿನ ಮುಂಗಾಲಿಗಳು ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ; ಇಲ್ಲವಾದರೆ, ಅಂದರೆ ಭಾರವೆಲ್ಲ ಹಿಂದಕ್ಕೆ ಬಿದ್ದರೆ, ಟ್ರೇಲರಿನ ಹಿಂಬದಿಯು ಎಡಬಲಕ್ಕೆ ತೂಗಾಡುತ್ತ ಮುಂದಿನದನ್ನೂ ತನ್ನೊಡನೆ ಎಳೆಯುತ್ತದೆ.

ಕೊಂಡಿಯ ಎತ್ತರವೂ ಇದಕ್ಕೆ ಹೊಂದಿಕೊಂಡದ್ದು. ಎಳೆಯುವ ಬಿಂದುವು ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್ಲಿನ ಮಧ್ಯರೇಖೆಗಿಂತ ಕೆಳಗೇ ಇರಬೇಕು. ಉಳುಮೆಯ ಸಲಕರಣೆಗಾಗಿ ಇರುವ ಮೇಲಿನ ಲಿಂಕಿಗೆ ಸರಪಳಿಯನ್ನೋ ಟ್ರೇಲರನ್ನೋ ಸಿಕ್ಕಿಸಿ ಎಳೆಯಹೊರಟವರ ಟ್ರ್ಯಾಕ್ಟರುಗಳು, ಮುಂಗಾಲಿಗಳನ್ನೆತ್ತಿ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುವುದು ಇದೇ ಕಾರಣದಿಂದ. ಅದಕ್ಕೆ ಕೆಲವೇ ಕ್ಷಣಗಳು ಸಾಕು, ಜಿಗಿಯಲು ಸಹ ಸಮಯವಿರದು. ಕೊಂಡಿಯ ಪಿನ್ನಿನ ಸ್ಥಾನದಲ್ಲಿ ಕಟ್ಟಡದ ಕಂಬಿಯ ತುಂಡನ್ನೋ ಹಳೆಯ ಬೋಲ್ಟನ್ನೋ ತೂರಿಸಿ ಸಾಗುವ ಟ್ರೇಲರುಗಳನ್ನು ಹೆದ್ದಾರಿಯಲ್ಲಿ ಕಾಣುವಾಗ ಎದೆ ನಡುಗುತ್ತದೆ. ಅಳತೆಗೆ ತಕ್ಕ ಗಟ್ಟಿ ಉಕ್ಕಿನ ಪಿನ್ನು, ಅದು ಕುಲುಕಾಟಕ್ಕೆ ಮೇಲೆದ್ದು ಬಾರದಂತೆ ಕೆಳಗೆ ಒಂದು ಕ್ಲಿಪ್ಪು, ಪಿನ್ನೇ ತುಂಡಾದರೂ ಮೂಕಿಯು ನೆಲಕ್ಕೆ ಕುಸಿಯದಂತೆ ಅದರಡಿಯಲ್ಲಿ ಅಡ್ಡಹಾಯ್ದ ಎರಡು ಸುರಕ್ಷಾ ಸರಪಳಿಗಳು, ಇವುಗಳ ಒಟ್ಟು ಬೆಲೆ ಒಂದು ಟೈರಿನ ಬೆಲೆಯನ್ನು ಮುಟ್ಟಲಾರದು.

ಆದರೆ ನನ್ನ ಮನಸ್ಸು ಬಹುವಾಗಿ ನೆಟ್ಟಿರುವುದು ಬ್ರೇಕಿನ ಮೇಲೆ. ನಮ್ಮ ಟ್ರೇಲರುಗಳಲ್ಲಿ ಎಷ್ಟೋ ಬ್ರೇಕೇ ಇಲ್ಲದೆ ಓಡಾಡುತ್ತವೆ. ಟ್ರ್ಯಾಕ್ಟರಿಗೆ ಇದೆಯಲ್ಲ ಎಂಬುದು ಕೇಳಿಬರುವ ಉತ್ತರ. ಟ್ರ್ಯಾಕ್ಟರಿನ ತೂಕ ಸುಮಾರು ಎರಡು ಟನ್ನು ಎನ್ನೋಣ, ಹಿಂದಿನ ಟ್ರೇಲರು ಹೇರಿನೊಡನೆ ಎಂಟು ಟನ್ನು ಎನ್ನೋಣ. ಎರಡು ಟನ್ನನ್ನು ನಿಲ್ಲಿಸುವುದಕ್ಕೆಂದು ಇರುವ ಅದೇ ಬಲವು ಈಗ ಹತ್ತು ಟನ್ನನ್ನು ನಿಲ್ಲಿಸಬೇಕಾಯಿತು. ಸ್ಥೂಲವಾಗಿ ಹೇಳುವುದಾದರೆ, ಬರಿಯ ಟ್ರ್ಯಾಕ್ಟರು ಹತ್ತು ಮೀಟರಿನಲ್ಲಿ ನಿಲ್ಲುತ್ತಿದ್ದಲ್ಲಿ ಈ ಜೋಡಿಗೆ ಐವತ್ತು ಮೀಟರು ಬೇಕಾಗುತ್ತದೆ. ಹೇರಿನ ಒಂದು ಪಾಲು ಹಿಂಗಾಲಿಗಳನ್ನು ಒತ್ತಿ ಹಿಡಿಯುವುದರಿಂದ ಈ ದೂರವು ತುಸು ಕಡಿಮೆಯಾದೀತು, ಆದರೆ ವೇಗವು ಇಮ್ಮಡಿಸಿದರೆ ನಿಲ್ಲುವ ದೂರವು ನಾಲ್ಮಡಿಸುತ್ತದೆಂಬ ಪ್ರಕೃತಿನಿಯಮವು ಅದನ್ನು ಕ್ಷಣದಲ್ಲಿ ನುಂಗಿಬಿಡುತ್ತದೆ. ಇಳಿಜಾರಿನ ಸ್ಥಿತಿ ಇನ್ನೂ ಭಯಂಕರ. ಹತ್ತು ಅಡಿಗೆ ಒಂದಡಿ ಇಳಿಯುವ ದಾರಿಯಲ್ಲಿ ಎಂಟು ಟನ್ನಿನ ಟ್ರೇಲರು ಟ್ರ್ಯಾಕ್ಟರನ್ನು ಹಿಂದಿನಿಂದ ಸುಮಾರು ಎಂಟುನೂರು ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತಿರುತ್ತದೆ. ಆಗ ಚಾಲಕನು ಗಾಬರಿಯಿಂದ ಬ್ರೇಕನ್ನೊತ್ತಿದರೆ, ನಿಂತ ಟ್ರ್ಯಾಕ್ಟರನ್ನು ನಿಲ್ಲದ ಟ್ರೇಲರು ಪಕ್ಕಕ್ಕೆ ನೂಕಿ, ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಡೀಸೆಲ್ ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕುವವರು ಎಂಜಿನ್ನು ಕೊಡುತ್ತಿದ್ದ ತಡೆಯನ್ನೂ ತಾವಾಗಿಯೇ ಕಳೆದುಕೊಳ್ಳುತ್ತಾರೆ.

ಇದಕ್ಕೆ ಪರಿಹಾರವು ನಮ್ಮ ಶಾಪುಗಳ ಶಕ್ತಿಯನ್ನು ಮೀರಿದುದೇನೂ ಅಲ್ಲ. ಟ್ರ್ಯಾಕ್ಟರು ನಿಧಾನಿಸಿದಾಗ ಟ್ರೇಲರು ಮುಂದಕ್ಕೆ ನುಗ್ಗಲೆಳಸುತ್ತದೆ. ಆ ನುಗ್ಗುವ ಬಲವನ್ನೇ ಮೂಕಿಯೊಳಗೆ ಜಾರುವ ಒಂದು ದಂಡದ ಮೂಲಕ ಹಿಡಿದು, ಸನ್ನೆ ಸಲಾಕೆಗಳಿಂದ ಟ್ರೇಲರಿನ ಗಾಲಿಗಳ ಬ್ರೇಕಿಗೆ ತಲುಪಿಸುವ ಏರ್ಪಾಡೊಂದು ಉಂಟು. ಎಷ್ಟು ಬಿರುಸಾಗಿ ನೂಕಿದರೆ ಅಷ್ಟು ಬಿಗಿಯಾಗಿ ಅದು ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ರಿವರ್ಸ್ ತೆಗೆಯುವಾಗ ಬ್ರೇಕು ಹಿಡಿಯದಂತೆ ಅದಕ್ಕೊಂದು ತಡೆಯನ್ನು ಇರಿಸಬೇಕಾಗುತ್ತದೆ, ಅಷ್ಟೇ. ಟ್ರ್ಯಾಕ್ಟರಿನಲ್ಲಿ ಸೌಲಭ್ಯವಿದ್ದರೆ ಹೈಡ್ರಾಲಿಕ್ ಬ್ರೇಕು ಇನ್ನೂ ಶ್ರೇಷ್ಠ. ಬಿಚ್ಚಿ ನಿಲ್ಲಿಸಿದ ಟ್ರೇಲರಿಗಾಗಿ ಕೈಬ್ರೇಕು ಇರಲೇಬೇಕು. ಗಾಲಿಗೆ ಕಲ್ಲು ಕೊಡುವ ಪದ್ಧತಿಯು ಅದಕ್ಕೆ ಜೊತೆಯಾಗಬಹುದೇ ಹೊರತು ಬದಲಿಯಾಗದು. ಮತ್ತೊಂದು ಮಾತು: ಟ್ರ್ಯಾಕ್ಟರಿನಲ್ಲಿ ಎಡಬದಿಯ ಗಾಲಿಗೊಂದು ಬಲಬದಿಯ ಗಾಲಿಗೊಂದು ಎಂದು ಎರಡು ಬ್ರೇಕ್ ಪೆಡಲುಗಳಿರುವುದು ಹೊಲದಲ್ಲಿ ಚಿಕ್ಕ ತಿರುವು ತಿರುಗುವ ಸಲುವಾಗಿ. ರಸ್ತೆಗೆ ಬರುವ ಮೊದಲು ಅವೆರಡನ್ನೂ ಒಂದುಮಾಡುವ ಚಿಲಕವನ್ನು ಹಾಕದೆ ಹೋದವನು, ಆಪತ್ಕಾಲದಲ್ಲಿ ಒಂದೇ ಗಾಲಿಯನ್ನು ಹಿಡಿದು ಹೇರಿನ ಸಮೇತ ಹಳ್ಳಕ್ಕೆ ತಿರುಗುತ್ತಾನೆ.

ಬೆಸುಗೆಯ ವಿಷಯವಾಗಿ ನಮ್ಮ ವೆಲ್ಡರುಗಳಿಗೆ ಹೇಳಿಕೊಡಬೇಕಾದದ್ದು ಹೆಚ್ಚಿಲ್ಲ. ಎರಡು ಎಚ್ಚರಗಳು ಸಾಕು. ಚಾನೆಲ್ಲಿನ ಅಂಚುಪಟ್ಟಿಗೆ ಅಡ್ಡಲಾಗಿ ಬೆಸುಗೆ ಹಾಕಿದರೆ ಅಥವಾ ಅಲ್ಲಿ ರಂಧ್ರ ಕೊರೆದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ, ಆದಕಾರಣ ಜೋಡಣೆಯನ್ನು ನಡುವಿನ ಗೋಡೆಗೆ ಕೊಡಬೇಕು. ಕಮಾನು ಪಟ್ಟಿಯಂತಹ ಗಡಸು ಉಕ್ಕಿಗಂತೂ ಬೆಸುಗೆಯನ್ನು ತಾಕಿಸಲೇಬಾರದು, ಕಾದು ತಣಿದ ಭಾಗವು ಗಾಜಿನ ಗುಣವನ್ನು ಪಡೆದು ಒಂದು ದಿನ ಹೇಳದೆ ಕೇಳದೆ ತುಂಡಾಗುತ್ತದೆ. ಗುಜರಿಯ ಆಕ್ಸಲ್ಲನ್ನು ಕೊಳ್ಳುವವರು ಅದು ಹೊರಬಲ್ಲ ಭಾರವೆಷ್ಟೆಂಬುದನ್ನು ಬಲ್ಲವರಿಂದ ಖಚಿತಪಡಿಸಿಕೊಂಡು, ಹಬ್ಬನ್ನು ಬಿಚ್ಚಿಸಿ ಬೇರಿಂಗನ್ನು ಕಣ್ಣಾರೆ ನೋಡಿ ಕೊಳ್ಳಬೇಕು. ಮೊದಲ ಹೇರನ್ನು ಇಳಿಸಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಕಬ್ಬು ನುರಿಸುವ ಹಂಗಾಮಿನ ರಾತ್ರಿಗಳಲ್ಲಿ ಅಪಘಾತಗಳು ಸಂಭವಿಸುವ ಬಗೆಯನ್ನು ಬಲ್ಲವರು ದೀಪದ ವಿಷಯವನ್ನು ಅಲಕ್ಷಿಸಲಾರರು. ಕೆಟ್ಟು ನಿಂತ, ಇಲ್ಲವೇ ಮೆಲ್ಲಗೆ ತೆವಳುತ್ತಿರುವ ಕಬ್ಬಿನ ಟ್ರೇಲರಿನ ಹಿಂಬದಿಗೆ ಬೈಕಿನವನು ಬಂದು ಬಡಿಯುವುದು ಅವನ ಅಜಾಗ್ರತೆಯಿಂದ ಮಾತ್ರವಲ್ಲ, ಮುಂದಿನದು ಅವನಿಗೆ ಕಾಣದೇ ಹೋದುದರಿಂದ. ಟ್ರೇಲರಿಗೆ ಕೆಂಪು ದೀಪಗಳೂ ಬ್ರೇಕಿನ ದೀಪಗಳೂ ಇಂಡಿಕೇಟರುಗಳೂ ಇದ್ದು, ಟ್ರ್ಯಾಕ್ಟರಿಗೆ ಸರಿಯಾದ ಸಾಕೆಟ್ಟಿನಿಂದ ಸೇರಬೇಕು. ಆದರೆ ಕಬ್ಬಿನ ಸೋಗೆ ಜೋತುಬಿದ್ದು ಅವನ್ನೆಲ್ಲ ಮರೆಮಾಡುವುದರಿಂದ, ದೀಪಗಳನ್ನು ಚಾಸಿಯ ತಳದಂಚಿಗೆ ಇಳಿಸಿ, ಹೇರು ಕಟ್ಟಿದ ಮೇಲೆ ಹಿಂಭಾಗದಲ್ಲಿ ಕೆಂಪು ಪ್ರತಿಫಲಕದ ಅಗಲವಾದ ಫಲಕವೊಂದನ್ನು ತೂಗುಹಾಕುವುದು ಒಳ್ಳೆಯದು. ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ, ಪಾರ್ಶ್ವಕ್ಕೆ ಹಳದಿ, ಇದು ಪ್ರತಿಫಲಕ ಪಟ್ಟಿಗಳ ಕ್ರಮ. ಹೇರು ಪೆಟ್ಟಿಗೆಯಿಂದ ಪಕ್ಕಕ್ಕೆ ಚಾಚಿದರೆ ಅಧಿನಿಯಮದ 2019ರ ತಿದ್ದುಪಡಿಯ ಮೇರೆಗೆ ಇಪ್ಪತ್ತು ಸಾವಿರ ರೂಪಾಯಿ ದಂಡ. ತೂಕ ಮೀರಿದರೆ ಇಪ್ಪತ್ತು ಸಾವಿರದ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ ಎರಡು ಸಾವಿರ, ಜೊತೆಗೆ ಹೆಚ್ಚಿನದನ್ನು ಇಳಿಸುವ ಖರ್ಚು.

ಜಾತ್ರೆಗೆ, ಮದುವೆಗೆ, ಕೂಲಿಗೆ ಹೆಂಗಸರು ಮಕ್ಕಳೆನ್ನದೆ ಟ್ರೇಲರಿನಲ್ಲಿ ತುಂಬಿಸಿಕೊಂಡು ಹೋಗುವುದನ್ನು ಕುರಿತು ನಾನು ಮೃದುವಾಗಿ ಬರೆಯಲಾರೆ. ಕೃಷಿಸಾಮಗ್ರಿಗಾಗಿ ನೋಂದಣಿಯಾದ ಪೆಟ್ಟಿಗೆಯಲ್ಲಿ ಮನುಷ್ಯರಿಗೆ ಆಸನವಿಲ್ಲ, ಹಿಡಿಯಲು ಆಸರೆಯಿಲ್ಲ. ಅದು ಮಗುಚಿದರೆ ಒಳಗಿದ್ದವರ ಮೇಲೆಯೇ ಮಗುಚುತ್ತದೆ. ಅನಂತರ ವಿಮಾ ಕಂಪನಿಯು ಆ ಜನರನ್ನು ಪಾಲಿಸಿಯು ಒಳಗೊಂಡಿಲ್ಲವೆಂದು ವಾದಿಸುತ್ತದೆ, ಪರಿಹಾರದ ಭಾರವು ಟ್ರ್ಯಾಕ್ಟರಿನ ಮಾಲೀಕನಾದ ರೈತನ ಹೊಲಮನೆಗಳ ಮೇಲೆ ಬೀಳುತ್ತದೆ, ಸತ್ತವರ ಮನೆಯವರು ವರ್ಷಗಟ್ಟಲೆ ನ್ಯಾಯಾಲಯದ ಜಗಲಿಯಲ್ಲಿ ಕಾಯುತ್ತಾರೆ. ಕೃಷಿಯ ಹೆಸರಿನಲ್ಲಿ ವಿಮೆ ಮಾಡಿಸಿ ಮರಳು ಇಟ್ಟಿಗೆಗಳನ್ನು ಬಾಡಿಗೆಗೆ ಸಾಗಿಸುವವರಿಗೂ ಇದೇ ವಾದವು ಎದುರಾಗುತ್ತದೆ.

ಇಷ್ಟನ್ನೂ ಒಬ್ಬೊಬ್ಬ ರೈತನ ತಲೆಯ ಮೇಲೆ, ಒಂದೊಂದು ಸಣ್ಣ ಶಾಪಿನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ವರ್ಷಕ್ಕೆ ಬೆರಳೆಣಿಕೆಯಷ್ಟು ಟ್ರೇಲರು ಕಟ್ಟುವ ಶಾಪಿನವನು ಪುಣೆಯ ಪರೀಕ್ಷೆಯ ವೆಚ್ಚವನ್ನು ಏಕಾಂಗಿಯಾಗಿ ಭರಿಸಲಾರ. ಕೃಷಿ ಟ್ರೇಲರುಗಳಿಗೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 8213 ಎಂಬ ಮಾನಕವಿದೆ. ಒಂದು ಜಿಲ್ಲೆಯ ಹತ್ತಾರು ಶಾಪುಗಳು ಸಹಕಾರ ಸಂಘವಾಗಿ ಕೂಡಿ, ಸಮೀಪದ ಪಾಲಿಟೆಕ್ನಿಕ್ಕಿನ ಅಧ್ಯಾಪಕರ ನೆರವಿನಿಂದ ಅದಕ್ಕೊಪ್ಪುವ ಒಂದೇ ನಕ್ಷೆಯನ್ನು ಬರೆಯಿಸಿ, ಬ್ರೇಕಿನ ಸಮೇತ ಆ ಒಂದು ಮಾದರಿಗೆ ಸಂಘದ ಹೆಸರಿನಲ್ಲಿ ಅನುಮೋದನೆ ಪಡೆಯುವ ಮಾರ್ಗವನ್ನು ಸಾರಿಗೆ ಇಲಾಖೆಯು ಸುಗಮಗೊಳಿಸಬೇಕು. ಸಕ್ಕರೆ ಕಾರ್ಖಾನೆಗಳ ಪಾಲೂ ಇದರಲ್ಲಿದೆ. ಪ್ರತಿ ಹಂಗಾಮಿನ ಮೊದಲು ಟ್ರ್ಯಾಕ್ಟರಿನವರೊಡನೆ ಸಾಗಣೆಯ ಕರಾರು ಮಾಡಿಕೊಳ್ಳುವುದೂ ಅವುಗಳೇ, ಪ್ರತಿ ಹೇರನ್ನು ತೂಗುವ ಸೇತುವೆ ಇರುವುದೂ ಅವುಗಳ ಬಾಗಿಲಿನಲ್ಲೇ. ಬ್ರೇಕೂ ದೀಪವೂ ಇಲ್ಲದ ಟ್ರೇಲರಿಗೆ ಕರಾರು ಕೊಡುವುದಿಲ್ಲವೆಂದು ಅವು ಹಂಗಾಮಿಗೆ ಆರು ತಿಂಗಳು ಮೊದಲೇ ತಿಳಿಸಿ, ಬ್ರೇಕು ಹಾಕಿಸುವ ಖರ್ಚಿಗೆ ಸಾಗಣೆಯ ಬಾಡಿಗೆಯಿಂದ ಕಂತುಗಳಲ್ಲಿ ಹಿಡಿದುಕೊಳ್ಳುವಂತೆ ಮುಂಗಡ ಕೊಟ್ಟರೆ, ಮುಂದಿನ ನುರಿಸುವಿಕೆಯ ಹೊತ್ತಿಗೆ ಅಷ್ಟು ಟ್ರೇಲರುಗಳನ್ನು ಸರಿಪಡಿಸುವ ಶಕ್ತಿ ನಮ್ಮ ರಸ್ತೆಯಂಚಿನ ಶಾಪುಗಳಿಗೆ ಧಾರಾಳವಾಗಿ ಉಂಟು.